ನಾಲ್ಕು ಎಲುಬು ಸಿಕ್ಕರೆ ಎಷ್ಟು ಮಾತಾಡಬೇಕು?

ನಾನು ಏಳನೇ ಇಯತ್ತೆಯವರೆಗೆ ಸಾಲಿ ಕಲಿತವ. ಅಕ್ಕಲಕೋಟ ತಾಲೂಕಿನ ಎರಿ ಹೊಲದಾಗ ಜ್ವಾಳ, ತೊಗರಿ ಬೆಳೆಯುವವ. ಹಂತಿ ಪದ, ಭಜನಿ ಪದ ಹಾಡುವವ. ದೊಡ್ಡ ತತ್ವ ಬರೆಯುವ ಶಕ್ತಿ ನನಗಿಲ್ಲ. ಆದರೆ ಒಂದು ಪ್ರಶ್ನೆ ಬಹಳ ವರ್ಷದಿಂದ ನನ್ನ ಬೆನ್ನು ಹತ್ತಿದೆ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ನನ್ನ ಕೈಗೆ ಸಿಕ್ಕದ್ದು ಒಂದು ಸಣ್ಣ ಮಾಂಸಾಹಾರಿ ಡೈನೋಸಾರ್. ನಗಬೇಡಿರಿ, ಪೂರ್ತಿ ಓದಿ ಆಮೇಲೆ ನಗಿರಿ.

ಪ್ರಶ್ನೆ ಇಷ್ಟೇ. ಒಂದು ವಸ್ತುವಿನ ನಾಕಾಣೆ ಭಾಗ ಮಾತ್ರ ನಮ್ಮ ಕೈಯಾಗ ಇದ್ದರೆ, ಉಳಿದ ಹನ್ನೆರಡಾಣೆಯ ಬಗ್ಗೆ ಎಷ್ಟು ಮಾತಾಡಲಿಕ್ಕೆ ನಮಗೆ ಹಕ್ಕಿದೆ? ವಸ್ತು ಅಂದರೆ ಎಲುಬು ಆಗಬಹುದು, ಹಾಡು ಆಗಬಹುದು, ಒಬ್ಬ ಮನುಷ್ಯನೂ ಆಗಬಹುದು.

ಮೊದಲು ಆ ಪ್ರಾಣಿಯ ಸುದ್ದಿ ಹೇಳುತ್ತೇನೆ. ಅದರ ಹೆಸರು ಲೇವಿಸುಕಸ್ ಇಂಡಿಕಸ್. ಹಗುರ ಮೊಸಳೆ ಅಂತ ಅದರ ಅರ್ಥ, ಇಂಡಿಕಸ್ ಅಂದರೆ ಭಾರತದ್ದು. ಅದು ಮೊಸಳೆ ಅಲ್ಲ, ಹೆಸರು ಮಾತ್ರ ಹಾಗೆ ಬಿದ್ದಿದೆ. ಎರಡು ಕಾಲಿನ ಮೇಲೆ ಓಡಾಡುವ, ಮಾಂಸ ತಿನ್ನುವ, ಮೂತಿಯಿಂದ ಬಾಲದ ತುದಿಯವರೆಗೆ ಎರಡು ಮೀಟರ್ ಇದ್ದಿರಬಹುದು ಅಂತ ಅಂದಾಜು ಮಾಡಿದ ಪ್ರಾಣಿ. ಡೈನೋಸಾರ್ ಅಂದಕೂಡಲೇ ನಮ್ಮ ಮೊಮ್ಮಕ್ಕಳು ಮನೆಯ ಮಾಳಿಗಿಗಿಂತ ಎತ್ತರದ್ದು ಅಂತ ಕೈ ಮೇಲೆ ಮಾಡುತ್ತಾರೆ. ಇದು ಹಾಗಲ್ಲ. ನಮ್ಮ ಮನೆ ಕಟ್ಟೆಯ ಮೇಲೆ ಮಲಗಿದರೆ ಕಟ್ಟೆ ಸಾಲುತ್ತಿತ್ತು.

ಇದು ಸಿಕ್ಕದ್ದು ಮಧ್ಯಪ್ರದೇಶದ ಜಬಲಪುರದಲ್ಲಿ, ಬಾರಾ ಸಿಮ್ಲಾ ಎಂಬ ಗುಡ್ಡದ ಹತ್ತಿರ. ಚಾರ್ಲ್ಸ್ ಮ್ಯಾಟ್ಲೆ ಎಂಬ ಇಂಗ್ಲಿಷ್ ಭೂವಿಜ್ಞಾನಿ ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿ ಅಗೆಯಲು ಶುರು ಮಾಡಿದರು. ಆಮೇಲೆ ಜರ್ಮನಿಯ ಫ್ರೀಡ್ರಿಶ್ ಫಾನ್ ಹ್ಯೂನ ಎಂಬ ಪಂಡಿತರು ಅವರ ಜೊತೆ ಸೇರಿ ಆ ಎಲುಬುಗಳನ್ನು ಅಭ್ಯಾಸ ಮಾಡಿ, 1933ರಲ್ಲಿ ಪುಸ್ತಕ ಬರೆದು, ಹೆಸರಿಟ್ಟರು. ಈ ಪ್ರಾಣಿಯದು ಅಂತ ಅವರ ಕೈಗೆ ಸಿಕ್ಕದ್ದು ಎಷ್ಟು? ಕುತ್ತಿಗೆಯ ಮೂರು ಮಣಿ ಎಲುಬು, ಬೆನ್ನಿನ ಒಂದು ಮಣಿ ಎಲುಬು. ಒಟ್ಟು ನಾಲ್ಕು. ತಲೆ ಇಲ್ಲ, ಹಲ್ಲಿಲ್ಲ, ಕಾಲಿಲ್ಲ. ಅದೇ ಪುಸ್ತಕದಲ್ಲಿ ಇದಕ್ಕಿಂತ ಸಣ್ಣದಾದ ಇನ್ನೊಂದಕ್ಕೂ ಹೆಸರಿಟ್ಟರು: ಜಬ್ಬಲ್‌ಪೂರಿಯ. ಅದಕ್ಕೆ ಎರಡೇ ಎಲುಬು.

ಮುಂದೆ ಆದದ್ದು ಇನ್ನೂ ವಿಚಿತ್ರ. ಆ ನಾಲ್ಕು ಎಲುಬುಗಳನ್ನು ಜೋಪಾನ ಮಾಡಿ ಇಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಬೇರೆ ಪಂಡಿತರು ಬಂದು ಹುಡುಕಿದರೆ ಅವುಗಳಲ್ಲಿ ಹೆಚ್ಚಿನವು ಸಿಗಲೇ ಇಲ್ಲ. ಕೋಟಿಗಟ್ಟಲೆ ವರ್ಷ ನೆಲದೊಳಗೆ ಉಳಿದದ್ದು ಮನುಷ್ಯನ ಕಪಾಟಿನಲ್ಲಿ ನೂರು ವರ್ಷ ಉಳಿಯಲಿಲ್ಲ. ಉಳಿದದ್ದು ಪುಸ್ತಕದಲ್ಲಿ ಬರೆದ ಮಾತು ಮತ್ತು ಚಿತ್ರ.

ಜಬಲಪುರದ ಎಲುಬಿಗೂ ನಮ್ಮ ಸೊಲ್ಲಾಪುರಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ನಮ್ಮ ಕಾಲ ಕೆಳಗೆ ಇದೆ. ನಮ್ಮ ಭಾಗದಲ್ಲಿ ಬಾವಿ ತೋಡಿದವರಿಗೆ ಗೊತ್ತು. ಮೇಲೆ ಎರಿ ಮಣ್ಣು, ಅದರಡಿ ಸುಣ್ಣಗಲ್ಲಿನ ಹರಳು, ಆಮೇಲೆ ಗರಸು, ಆಮೇಲೆ ಸುರಂಗ ಇಟ್ಟರೂ ಸೀಳದ ಕರಿಕಲ್ಲು. ಕೆಲವು ಕಡೆ ಎರಡು ಕರಿಕಲ್ಲಿನ ನಡುವೆ ಇಟ್ಟಂಗಿಯಂಥ ಕೆಂಪು ಮಣ್ಣಿನ ಪಟ್ಟಿ ಬರುತ್ತದೆ. ಈ ಕರಿಕಲ್ಲು ಒಂದು ಕಾಲಕ್ಕೆ ಬೆಂಕಿಯ ಹೊಳೆಯಾಗಿ ಹರಿದದ್ದು. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ನೆಲ ಬಿರಿದು ಕರಗಿದ ಕಲ್ಲು ಉಕ್ಕಿ, ಒಂದರ ಮೇಲೊಂದು ಪದರಾಗಿ ಆರಿತು. ಕೆಂಪು ಪಟ್ಟಿ ಅಂದರೆ ಒಂದು ಹೊಳೆ ಆರಿ ಮುಂದಿನದು ಬರುವ ನಡುವೆ ಮಳೆ ಬಿಸಿಲಿಗೆ ಸವೆದು ಆದ ಮಣ್ಣು. ಇವತ್ತಿಗೂ ಈ ಕಲ್ಲು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹಾಸಿದೆ. ಅದೇ ಸವೆದು ನಮ್ಮ ಎರಿ ಆಗಿದೆ, ಅದರಲ್ಲೇ ನಮ್ಮ ಜ್ವಾಳ ಬೆಳೆದಿದೆ.

ಲೇವಿಸುಕಸ್ ಇದ್ದದ್ದು ಆ ಬೆಂಕಿ ಹೊಳೆಗೆ ಸ್ವಲ್ಪ ಮುಂಚೆ. ಅದರ ಎಲುಬು ಸಿಕ್ಕ ಮಣ್ಣಿನ ಪದರು ಈ ಕರಿಕಲ್ಲಿನ ಕೆಳಗೆ ಬರುತ್ತದೆ. ಜಬಲಪುರದಲ್ಲಿ ಕಲ್ಲು ಸವೆದು ಆ ಪದರು ಬೆಳಕಿಗೆ ಬಂದಿದೆ, ನಮ್ಮಲ್ಲಿ ಮುಚ್ಚಿಯೇ ಇದೆ. 1993ರ ಸಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನಮ್ಮ ವಯಸ್ಸಿನವರಿಗೆ ಮರೆಯುವಂಥದ್ದಲ್ಲ. ಆ ಮೇಲೆ ವಿಜ್ಞಾನಿಗಳು ಅಲ್ಲಿ ನೆಲಕ್ಕೆ ಕೊಳವೆ ಇಳಿಸಿ ನೋಡಿದರು. ಕರಿಕಲ್ಲು 300 ಮೀಟರಿಗೂ ಹೆಚ್ಚು ಆಳ ಇತ್ತು. ಅದರ ಕೆಳಗೆ ಹಳೇ ಮಣ್ಣಿನ ಒಂದು ತೆಳ್ಳನೆಯ ಪದರು, ಅದರ ಕೆಳಗೆ ಇನ್ನೂ ಹಳೆಯ ಬಂಡೆ. ಅಂದರೆ ನಾವು ಕುಂಟಿ ಹೊಡೆಯುವ ನೆಲ ಒಂದು ದೊಡ್ಡ ಮುಚ್ಚಳ. ಮುಚ್ಚಳ ಸವೆದಲ್ಲಿ ನಾಲ್ಕು ಎಲುಬು ಇಣುಕುತ್ತವೆ, ಅಷ್ಟರಲ್ಲೇ ನಾವು ಮಾತಾಡಬೇಕು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ನಾಲ್ಕು ಎಲುಬು ನೋಡಿ ಹೆಸರಿಡುವುದು ತಪ್ಪೇ? ತಪ್ಪಲ್ಲ ಅಂತ ನನಗೆ ಅನಿಸುತ್ತದೆ. ಸಣ್ಣದು ಸಣ್ಣದನ್ನೇ ಹೇಳುತ್ತದೆ ಅಂತಲ್ಲ. ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬ ಊರಿನ ಹೊಲಗಳಲ್ಲಿ ಡೈನೋಸಾರ್ ಕಾಲದ ಸಗಣಿ ಕಲ್ಲಾಗಿ ಸಿಗುತ್ತದೆ. 2005ರಲ್ಲಿ ನಮ್ಮ ದೇಶದ ಮತ್ತು ಹೊರಗಿನ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿ, ಅದರೊಳಗೆ ಹುಲ್ಲಿನ ಗುರುತು ಇದೆ ಅಂತ ತೋರಿಸಿದರು. ಜ್ವಾಳದ ರವದಿ ಕೈ ಕೊಯ್ಯುತ್ತದಲ್ಲ, ಅದಕ್ಕೆ ಕಾರಣ ಹುಲ್ಲಿನ ಜಾತಿಯ ಎಲೆಯೊಳಗೆ ಇರುವ ಗಾಜಿನಂಥ ಸಣ್ಣ ಕಣ. ಎಲೆ ಕೊಳೆತರೂ ಆ ಕಣ ಕೊಳೆಯುವುದಿಲ್ಲ. ಡೈನೋಸಾರ್ ಕಾಲಕ್ಕೆ ಹುಲ್ಲು ಹೆಚ್ಚೇನೂ ಇರಲಿಲ್ಲ ಅಂತ ಆವರೆಗೆ ದೊಡ್ಡವರು ಬರೆದಿದ್ದರು. ಒಂದು ಹಿಡಿ ಸಗಣಿ ಆ ಮಾತನ್ನು ಬದಲಿ ಮಾಡಿಸಿತು. ನಮ್ಮ ಜ್ವಾಳ, ಭತ್ತ, ಗೋದಿ ಎಲ್ಲವೂ ಹುಲ್ಲಿನ ಕುಲದವೇ. ಸಗಣಿಯ ಬೆಲೆ ರೈತನಿಗೆ ಮೊದಲೇ ಗೊತ್ತಿತ್ತು, ಈಗ ಪಂಡಿತರಿಗೂ ಗೊತ್ತಾಯಿತು.

ಆದರೆ ಆ ಸಗಣಿ ಹುಲ್ಲು ತಿಂದದ್ದನ್ನು ಹೇಳಿತು, ತಿಂದ ಪ್ರಾಣಿಯ ಬಣ್ಣ ಹೇಳಲಿಲ್ಲ. ಕೇಳಿದರೂ ಹೇಳುವುದಿಲ್ಲ. ತುಂಡು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಏನು ಹೇಳುತ್ತದೆ, ಎಲ್ಲಿಗೆ ಸುಮ್ಮನಾಗುತ್ತದೆ ಅನ್ನುವುದು ಮುಖ್ಯ. ಅದು ಸುಮ್ಮನಾದ ಮೇಲೆ ನಾವು ಮಾತಾಡಿದರೆ, ಅದು ನಮ್ಮ ಮಾತು.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೂ ಅದೇ ಜಬಲಪುರದ ಗುಡ್ಡದಲ್ಲಿ ಉದಾಹರಣೆ ಇದೆ. ಒಂದೇ ಪದರಿನಲ್ಲಿ ಬೇರೆ ಬೇರೆ ಪ್ರಾಣಿಗಳ ಎಲುಬು ಕಲೆತು ಬಿದ್ದಿದ್ದವು. ಮ್ಯಾಟ್ಲೆಯವರು 1920ರ ದಶಕದಲ್ಲಿ ಸೊಂಟದ ಎಲುಬು, ಕಾಲಿನ ಎಲುಬು, ಚರ್ಮದ ಮೇಲಿನ ಚಿಪ್ಪಿನಂಥ ಎಲುಬು ಕೂಡಿಸಿ, ಮೈಮೇಲೆ ಕವಚ ಇದ್ದ ಒಂದು ಪ್ರಾಣಿ ಅಂತ ಲಮೆಟಾಸಾರಸ್ ಎಂದು ಹೆಸರಿಟ್ಟರು. 1935ರಲ್ಲಿ ಡಿ. ಕೆ. ಚಕ್ರವರ್ತಿ ಎಂಬ ನಮ್ಮ ದೇಶದ ಪಂಡಿತರು, ಇದು ನಿಜವಾಗಿ ಕವಚದ ಪ್ರಾಣಿಯೇ ಅಂತ ಪ್ರಶ್ನೆ ಎತ್ತಿದರು. ಸೊಂಟ, ಕಾಲು ಮಾಂಸಾಹಾರಿಯದು, ಚಿಪ್ಪು ಬೇರೆ ಪ್ರಾಣಿಯದು ಅಂತ ಆಮೇಲೆ ಒಪ್ಪಿದರು. ಒಬ್ಬನ ತಲೆಗೆ ಇನ್ನೊಬ್ಬನ ರುಮಾಲು ಸುತ್ತಿ ಮೂರನೆಯವನ ಹೆಸರು ಕರೆದಂಗಾಯಿತು. ಮ್ಯಾಟ್ಲೆ ಸುಳ್ಳು ಹೇಳಲಿಲ್ಲ. ಹತ್ತಿರ ಹತ್ತಿರ ಬಿದ್ದದ್ದನ್ನು ಒಂದೇ ಅಂತ ತಿಳಿದರು. ನಮ್ಮ ಊರ ಕಟ್ಟೆಯ ಮೇಲೆ ದಿನಾ ನಡೆಯುವುದೂ ಇದೇ ಅಲ್ಲವೇ? ಅಲ್ಲಿ ಒಂದು ಮಾತು, ಇಲ್ಲಿ ಒಂದು ಮಾತು, ಎರಡೂ ಕೂಡಿಸಿ ಒಬ್ಬ ಮನುಷ್ಯನನ್ನು ತಯಾರು ಮಾಡುತ್ತೇವೆ. ಆ ಮನುಷ್ಯ ಎಲ್ಲಿಯೂ ಇರುವುದಿಲ್ಲ.

ಹಾಗಾದರೆ ಖಾಲಿ ಜಾಗ ಖಾಲಿಯೇ ಇರಬೇಕೇ? ತುಂಬುವ ದಾರಿಯೇ ಇಲ್ಲವೇ? ಇದೆ. ಆದರೆ ಆ ದಾರಿ ಹೊರಗಿನಿಂದ ಬರಬೇಕು, ನಮ್ಮ ತಲೆಯಿಂದಲ್ಲ. ಲೇವಿಸುಕಸ್‌ನ ಕುತ್ತಿಗೆ ಮಣಿಗಳು ಯಾವ ಕುಲದವು ಅಂತ ಬಹಳ ಕಾಲ ತಿಳಿಯಲಿಲ್ಲ. 1980ರಲ್ಲಿ ಅರ್ಜೆಂಟೀನಾ ದೇಶದಲ್ಲಿ ನೋಸಾರಸ್ ಎಂಬ ಸಣ್ಣ ಮಾಂಸಾಹಾರಿಯನ್ನು ಗುರುತಿಸಿದರು. 2001ರಲ್ಲಿ ಮಡಗಾಸ್ಕರ್ ದ್ವೀಪದಲ್ಲಿ ಮಸಿಯಾಕಸಾರಸ್ ಎಂಬುದು ಬೆಳಕಿಗೆ ಬಂತು. ಅದರ ಎಲುಬು ಬಹಳ ಸಿಕ್ಕವು, ಮುಂದಿನ ಹಲ್ಲು ಹೊರಗೆ ಚಾಚಿಕೊಂಡಿದ್ದು ಕೂಡ ಕಂಡಿತು. ಇವುಗಳ ಕುತ್ತಿಗೆ ಮಣಿಗೂ ನಮ್ಮ ಲೇವಿಸುಕಸ್ ಮಣಿಗೂ ಹೋಲಿಕೆ ಬಂತು. ಆಗ, ಇದು ಆ ಮನೆತನದ್ದು ಅಂತ ಹೇಳುವ ಧೈರ್ಯ ಬಂತು. ಸಮುದ್ರದ ಆಚೆ ಹೆಂಗ ಸಂಬಂಧಿಕರು? ಒಂದು ಕಾಲಕ್ಕೆ ಭಾರತ, ಮಡಗಾಸ್ಕರ್, ದಕ್ಷಿಣ ಅಮೆರಿಕ ಎಲ್ಲ ಕೂಡಿ ಒಂದೇ ನೆಲ ಇತ್ತು. ಅದನ್ನು ಗೊಂಡ್ವಾನಾ ಅನ್ನುತ್ತಾರೆ. ನಮ್ಮ ಮಧ್ಯ ಭಾರತದ ಗೊಂಡ ಜನರ ನಾಡಿನ ಹೆಸರೇ ಅದು. ಆದರೂ ನೋಡಿರಿ, ಮಡಗಾಸ್ಕರದ ತಮ್ಮನಿಗೆ ಹಲ್ಲು ಹೊರಗೆ ಇದ್ದವು ಅಂತ ಜಬಲಪುರದ ಅಣ್ಣನಿಗೂ ಇದ್ದವು ಅಂತ ಖಂಡಿತ ಹೇಳುವಂತಿಲ್ಲ. ಮನೆತನ ಹೇಳಬಹುದು, ಮುಖ ಹೇಳುವಂತಿಲ್ಲ.

ಇದು ನನಗೆ ಮನಸ್ಸಿಗೆ ನಾಟಲಿಕ್ಕೆ ಕಾರಣ ನನ್ನ ಹಾಡು. ಹಂತಿ ಪದ ಈಗಿನ ಹುಡುಗರಿಗೆ ಗೊತ್ತಿಲ್ಲ. ಕಣದ ನಡುವೆ ಮೇಟಿ ನಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆಯ ಮೇಲೆ ರಾತ್ರಿಯೆಲ್ಲ ತಿರುಗಿಸುತ್ತಿದ್ದೆವು. ಎತ್ತಿಗೂ ನಿದ್ದಿ, ಮನುಷ್ಯನಿಗೂ ನಿದ್ದಿ. ನಿದ್ದಿ ಹೋಗಲಿಕ್ಕೆ ಹಾಡು. ಮೇಟಿ ಸುತ್ತಿದಷ್ಟು ಹಾಡು ಉದ್ದ ಆಗುತ್ತಿತ್ತು. ರಾಶಿ ಮಾಡುವ ಮಷಿನ್ ಬಂದ ಮೇಲೆ ರಾತ್ರಿಯ ಕೆಲಸ ಒಂದು ತಾಸಿನಲ್ಲಿ ಮುಗಿಯುತ್ತದೆ. ಕೆಲಸ ಹಗುರಾಯಿತು, ನನಗೆ ಅದರ ಬಗ್ಗೆ ದುಃಖವಿಲ್ಲ. ಆದರೆ ಒಂದು ತಾಸಿನ ಕೆಲಸದಲ್ಲಿ ಒಂದು ರಾತ್ರಿಯ ಹಾಡು ಹಿಡಿಸಲಿಲ್ಲ. ತುದಿ ತುದಿ ಕಳಚಿ ಬಿತ್ತು.

ನನ್ನ ಹತ್ತಿರ ಒಂದು ಪದ ಇದೆ. ಹಸುಗೂಸು ಕಟ್ಟಿಕೊಂಡು ತವರಿಗೆ ಹೊರಟ ಹೆಣ್ಣುಮಗಳ ಕಥೆ. ಭೀಮಾ ನದಿ ತುಂಬಿ ಬಂದಿದೆ, ಅಂಬಿಗ ಇಲ್ಲ, ಹಿಂದೆ ಹೋಗಲಿಕ್ಕೆ ಮನಸ್ಸಿಲ್ಲ. ನನಗೆ ಕಲಿಸಿದವರು ಅದು ಹನ್ನೆರಡು ನುಡಿಯ ಪದ ಅನ್ನುತ್ತಿದ್ದರು. ಅವರಿಗೆ ನೆನಪಿದ್ದವು ಐದು. ಐದನೆಯ ನುಡಿಯಲ್ಲಿ ಅವಳು ನೀರಿಗೆ ಕಾಲಿಡುತ್ತಾಳೆ. ಅಲ್ಲಿಗೆ ಹಾಡು ನಿಲ್ಲುತ್ತದೆ. ದಾಟಿದಳೋ ಮುಳುಗಿದಳೋ ತಿಳಿಯದು. ಕೇಳುವವರು ಬಿಡುವುದಿಲ್ಲ. ಒಬ್ಬ ಹಾಡುಗಾರ ಅವಳನ್ನು ಮುಳುಗಿಸಿ ಒಂದು ನುಡಿ ಕಟ್ಟಿದ, ಹೆಣ್ಣುಮಕ್ಕಳು ಅತ್ತರು, ಹೆಚ್ಚು ರೊಕ್ಕ ಬಿತ್ತು. ಇನ್ನೊಬ್ಬ ದೇವರನ್ನು ಕರೆಸಿ ನದಿ ಸೀಳಿಸಿದ, ಚಪ್ಪಾಳೆ ಬಿತ್ತು. ಎರಡೂ ಛಲೋ ನುಡಿ. ನನಗೂ ಕಟ್ಟಲಿಕ್ಕೆ ಬರುತ್ತದೆ. ಹಾಡುಗಾರನಿಗೆ ಕಟ್ಟುವ ಹಕ್ಕಿಲ್ಲ ಅಂತ ನಾನು ಹೇಳುವವನಲ್ಲ. ಕಟ್ಟದಿದ್ದರೆ ಜಾನಪದ ಎಲ್ಲಿಂದ ಬರುತ್ತಿತ್ತು? ಆದರೆ ನಾನು ಕಟ್ಟಿದ್ದನ್ನು ಹಿರಿಯರದು ಅಂತ ಹೇಳಿದರೆ ಆವಾಗ ಕಳ್ಳತನ ಆಗುತ್ತದೆ. ಸತ್ತವರ ಬಾಯಲ್ಲಿ ನನ್ನ ಮಾತು ಇಟ್ಟಂಗಾಗುತ್ತದೆ, ಅವರು ಎದ್ದು ಬಂದು ಅಲ್ಲ ಅನ್ನಲಾರರು.

ನಾನು ಹಾಡುವಾಗ ಐದು ನುಡಿ ಹಾಡುತ್ತೇನೆ. ಆಮೇಲೆ ತಾಳ ಮಾತ್ರ ಹಾಕುತ್ತೇನೆ, ಒಂದು ನುಡಿಯಷ್ಟು ಹೊತ್ತು. ಆಮೇಲೆ, ಇಲ್ಲಿಂದ ಮುಂದಿನದು ಹೋಗ್ಯಾವರಿ ಅಂತ ಹೇಳುತ್ತೇನೆ. ಒಮ್ಮೆ ಭೀಮಾ ನದಿಯ ಆಚೆ ಇಂಡಿ ತಾಲೂಕಿನ ಒಂದು ಊರಲ್ಲಿ ಹೀಗೆ ನಿಲ್ಲಿಸಿದಾಗ, ಕೂತವರ ನಡುವಿನಿಂದ ಒಬ್ಬ ಮುದುಕಿ ಎದ್ದು, "ಯಪ್ಪಾ, ನಮ್ಮವ್ವ ಬೀಸುವಾಗ ಒಂದು ನುಡಿ ಅಂತಿದ್ಲು, ಇದರದೇನ ನೋಡು" ಅಂತ ಹೇಳಿ ಕೊಟ್ಟಳು. ಸೀರೆಯ ಸೆರಗು ಹರಿದು ಕೂಸನ್ನು ಬೆನ್ನಿಗೆ ಕಟ್ಟಿಕೊಂಡ ನುಡಿ ಅದು. ಧಾಟಿ ಅದೇ, ಮಾತಿನ ಜೋಡಣೆ ಅದೇ. ನನ್ನ ಐದು ಆರು ಆದವು. ನಾನು ಮುಳುಗಿಸಿಯೋ ತೇಲಿಸಿಯೋ ಹಾಡು ಮುಗಿಸಿಬಿಟ್ಟಿದ್ದರೆ ಆ ಮುದುಕಿ ಎದ್ದು ನಿಲ್ಲುತ್ತಿದ್ದಳೇ? ತುಂಬಿದ ಕೊಡಕ್ಕೆ ಯಾರೂ ನೀರು ಹಾಕುವುದಿಲ್ಲ. ಖಾಲಿ ಜಾಗ ಕಾಣುವಂತೆ ಬಿಟ್ಟರೆ ಮಾತ್ರ ಇದ್ದವರು ತಂದು ಹಾಕುತ್ತಾರೆ.

ನಮ್ಮ ಸೊಲ್ಲಾಪುರದ ಸಿದ್ಧರಾಮೇಶ್ವರರ ವಿಷಯವೂ ಹೀಗೇ. ಅವರು 68,000 ವಚನ ಹೇಳಿದರು ಎಂಬ ಮಾತಿದೆ. ನಮಗೆ ಸಿಕ್ಕವು ಸಾವಿರದ ಮೇಲೆ ಚಿಲ್ಲರೆ. ಆ ಸಿಕ್ಕವಾದರೂ ಹೇಗೆ ಸಿಕ್ಕವು? ವಿಜಯಪುರದ ಫ. ಗು. ಹಳಕಟ್ಟಿಯವರು ಊರೂರು, ಮಠ ಮಠ ತಿರುಗಿ ತಾಳೆಗರಿ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರ ಸಾರ ಪ್ರಕಟ ಮಾಡಿದರು, 1925ರಲ್ಲಿ ಸ್ವಂತ ಛಾಪಖಾನೆ ಹಾಕಿದರು. ವಚನಕ್ಕೆ ಕೊನೆಗೆ ಅಂಕಿತ ಇರುವುದರಿಂದ ಯಾರದು ಅಂತ ಗುರುತು ಸಿಗುತ್ತದೆ. ಹುಳ ತಿಂದ ಗರಿಯಲ್ಲಿ ಅಕ್ಷರ ಹೋದ ಕಡೆ ಸಂಪಾದಕರು ಚುಕ್ಕಿ ಇಡುತ್ತಾರೆ. ಆ ಚುಕ್ಕಿ ನೋಡಿದಾಗ ನನಗೆ ಆ ಪುಸ್ತಕದ ಮೇಲೆ ವಿಶ್ವಾಸ ಹೆಚ್ಚುತ್ತದೆ. ಇಲ್ಲದ ಅಕ್ಷರಕ್ಕೆ ಇಲ್ಲ ಅಂದವರು ಇದ್ದ ಅಕ್ಷರವನ್ನು ಸರಿಯಾಗಿ ಓದಿರಬೇಕು ಅನಿಸುತ್ತದೆ.

ಎಲುಬು, ಹಾಡು, ವಚನ ಇವುಗಳಲ್ಲಿ ಹೆಚ್ಚುಕಡಿಮೆ ಆದರೆ ಯಾರ ಹೊಟ್ಟೆಯೂ ಸುಡುವುದಿಲ್ಲ. ಮನುಷ್ಯನ ವಿಷಯಕ್ಕೆ ಬಂದರೆ ಹಾಗಲ್ಲ. ಇದು ನಮ್ಮ ಮನೆಯ ಮಾತು, ಬರೆಯಲೋ ಬೇಡವೋ ಅಂತ ವಿಚಾರ ಮಾಡಿ ಬರೆಯುತ್ತಿದ್ದೇನೆ.

1972ರ ಬರ ಹಿರಿಯರಿಗೆ ನೆನಪಿದೆ. ಖಡಿ ಒಡೆಯುವ ಕೆಲಸ, ಸುಕಡಿ ತಿಂದು ದಿನ ತೆಗೆದದ್ದು. ನನ್ನ ಸಾಲಿ ನಿಂತದ್ದೂ ಆಗಲೇ. ನಮ್ಮ ದೊಡ್ಡಪ್ಪ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದ. ಅಲ್ಲಿಂದ ಒಂದು ಮನಿಆರ್ಡರ್ ಬಂತು, ನಲವತ್ತು ರೂಪಾಯಿ. ಅದರ ಚೀಟಿಯ ಮೇಲೆ ಯಾರದೋ ಕೈಯಿಂದ ಬರೆಸಿದ ಒಂದೇ ಸಾಲು, ಬಿತ್ತುವುದರೊಳಗೆ ಬರುತ್ತೇನೆ ಅಂತ. ಆಮೇಲೆ ಪತ್ರವಿಲ್ಲ, ಸುದ್ದಿಯಿಲ್ಲ. ಮನೆಯಲ್ಲಿ ಉಳಿದದ್ದು ಆ ಚೀಟಿ, ಒಂದು ಜೊತೆ ತಾಳ, ಒಂದು ಕಂಬಳಿ. ಮೂರೇ ಎಲುಬು ಅನ್ನಿರಿ.

ಊರು ಸುಮ್ಮನಿರಲಿಲ್ಲ. ಯಾರೋ ಸೊಲ್ಲಾಪುರದ ಸ್ಟೇಶನ್ನಿನಲ್ಲಿ ಬೆನ್ನ ಹಿಂದಿನಿಂದ ಒಬ್ಬನನ್ನು ನೋಡಿದರಂತೆ, ಜೊತೆಗೆ ಒಬ್ಬ ಹೆಂಗಸು ಇದ್ದಳಂತೆ. ಅಷ್ಟಕ್ಕೇ ಮುಂಬೈಯಲ್ಲಿ ಅವನಿಗೆ ಇನ್ನೊಂದು ಸಂಸಾರ ಐತಿ ಅಂತ ಕಥೆ ತಯಾರಾಯಿತು. ಭಕ್ತಿವಂತರು ಅವನು ಸಾಧು ಆಗಿ ತಿರುಗುತ್ತಾನ ಅಂದರು. ಎರಡನೆಯ ಕಥೆಯಿಂದ ಯಾರಿಗೂ ನಷ್ಟ ಆಗಲಿಲ್ಲ. ಮೊದಲನೆಯ ಕಥೆಯಿಂದ ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಅವಳಿಗೆ ಬಂದ ಎರಡು ಸಂಬಂಧ ಮುರಿದವು. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ಖಾಲಿ ಜಾಗ ಕಂಡಿತು, ತುಂಬಿದರು. ಬಾಯಿಗೆ ಬಂದದ್ದನ್ನು ತುಂಬಿದರು.

ಹನ್ನೆರಡು ವರ್ಷ ಆದ ಮೇಲೆ ಹಿರಿಯರು ಮನೆಗೆ ಬಂದರು. ಇಷ್ಟು ವರ್ಷ ಸುದ್ದಿ ಇಲ್ಲಂದ್ರ ಹೋದಂಗ, ಬಳಿ ಕುಂಕುಮ ತೆಗಿಬೇಕು ಅಂತ ದೊಡ್ಡವ್ವನಿಗೆ ಹೇಳಿದರು. ದೊಡ್ಡವ್ವ ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅಂವ ಸತ್ತದ್ದು ಕಣ್ಣಿಲೆ ನೋಡಿದವರು ಇದ್ರ ಮುಂದ ಬರ್ರಿ, ನಾನ ಬಳಿ ಒಡಕೋತೀನಿ. ಬದುಕಿದ್ದು ನೋಡಿದವರು ಇದ್ರ ಅವರೂ ಬರ್ರಿ, ಹೋಳಿಗಿ ಮಾಡಿ ಹಾಕ್ತೀನಿ. ಎರಡೂ ಇಲ್ಲಂದ್ರ ಎಲ್ಲಾರೂ ಚಹಾ ಕುಡದು ಹೋಗ್ರಿ."

ಕೆಲವು ವರ್ಷದ ಮೇಲೆ ಹೊಲದ ಪ್ರಶ್ನೆ ಬಂತು. ಸಾತಬಾರಾ ಉತಾರಿಯಲ್ಲಿ ದೊಡ್ಡಪ್ಪನ ಹೆಸರೇ ಇತ್ತು. ಸಾಲ ಸಿಗುವುದಿಲ್ಲ, ಮಗಳಿಗೆ ಪಾಲು ಹಚ್ಚುವಂತಿಲ್ಲ. ಏಳು ವರ್ಷ ಸುದ್ದಿ ಇಲ್ಲದ ಮನುಷ್ಯನನ್ನು ಸತ್ತಂತೆ ತಿಳಿಯಲಿಕ್ಕೆ ನಮ್ಮ ಕಾಯಿದೆಯಲ್ಲಿ ಅವಕಾಶ ಇದೆ. ಕೋರ್ಟಿನ ಕಾಗದ ತಯಾರಾಯಿತು. ನಾವೆಲ್ಲ ದೊಡ್ಡವ್ವ ಒಪ್ಪುವುದಿಲ್ಲ ಅಂತ ತಿಳಿದಿದ್ದೆವು. ಅವಳು ಹೆಬ್ಬಟ್ಟು ಒತ್ತಿದಳು. ಒತ್ತಿ, "ಕಾಗದಕ್ಕ ಸತ್ತಾನ. ನನಗ ಗೊತ್ತಿಲ್ಲ" ಅಂದಳು. ಬಳಿ ಕೈಯಲ್ಲೇ ಇದ್ದವು. ಅವಳು ತೀರಿಕೊಂಡಾಗ ಕುಂಕುಮ ಇಡಬೇಕೋ ಬೇಡವೋ ಅಂತ ಮತ್ತೆ ಮಾತು ಬಂತು. ಇಟ್ಟೇ ಕಳಿಸಿದೆವು.

ದೊಡ್ಡವ್ವನ ಹೆಬ್ಬಟ್ಟಿನಲ್ಲಿ ನನಗೆ ಬಹಳ ದೊಡ್ಡ ಮಾತು ಕಾಣುತ್ತದೆ. ಪೂರ್ತಿ ತಿಳಿಯುವವರೆಗೆ ಏನೂ ಮಾಡುವುದಿಲ್ಲ ಅಂತ ಕೂತರೆ ಸಂಸಾರ ನಡೆಯುವುದಿಲ್ಲ. ಮಳೆ ಬರುತ್ತದೋ ಇಲ್ಲವೋ ತಿಳಿಯದೆಯೇ ನಾವು ಬಿತ್ತುತ್ತೇವೆ. ಕೆಲಸಕ್ಕೆ ಬೇಕಾದಷ್ಟು ಊಹೆ ಮಾಡಬೇಕು, ಅದರ ಮೇಲೆ ನಡೆಯಬೇಕು. ಆದರೆ ಊಹೆಯನ್ನು ಊಹೆ ಅಂತಲೇ ಕರೆಯಬೇಕು. ಬಿತ್ತಿದ ಮಾತ್ರಕ್ಕೆ ಮಳೆ ಬಂತು ಅಂತ ಊರಲ್ಲಿ ಸಾರಬಾರದು. ವಿಜ್ಞಾನಿ ನಾಲ್ಕು ಎಲುಬಿಗೆ ಹೆಸರಿಟ್ಟದ್ದು ಈ ಹೆಬ್ಬಟ್ಟಿನಂಥದ್ದೇ. ಹೆಸರಿಲ್ಲದಿದ್ದರೆ ಮುಂದಿನವರು ಹುಡುಕುವುದು ಹೇಗೆ? ಇಟ್ಟರು, ಎಲುಬು ಎಷ್ಟು ಅಂತ ಎಣಿಸಿ ಬರೆದರು, ಚಿತ್ರ ಬಿಡಿಸಿದರು. ಆ ಎಣಿಕೆ ಇದ್ದದ್ದಕ್ಕೇ ಎಲುಬು ಕಳೆದದ್ದು ನಮಗೆ ತಿಳಿಯಿತು, ಮಡಗಾಸ್ಕರದ್ದರ ಜೊತೆ ಹೋಲಿಸಲಿಕ್ಕೂ ಬಂತು.

ಇದಕ್ಕೆ ಎದುರು ಮಾತು ಒಂದಿದೆ, ಅದನ್ನು ಮುಚ್ಚಿಡಬಾರದು. ತುಂಬದೆ ಇದ್ದರೆ ಮನುಷ್ಯ ಕಾಯುವುದೇ ಇಲ್ಲ, ತುಂಬಿದ ಮೇಲೆಯೇ ಪ್ರೀತಿ ಹುಟ್ಟುತ್ತದೆ ಅನ್ನುತ್ತಾರೆ. ಇದರಲ್ಲಿ ನಿಜ ಇದೆ. 2023ರ ಡಿಸೆಂಬರದಲ್ಲಿ ಮಧ್ಯಪ್ರದೇಶದ ಧಾರ ಜಿಲ್ಲೆಯ ಪಾಡಲ್ಯಾ ಎಂಬ ಊರಿನ ಸುದ್ದಿ ಪೇಪರಿನಲ್ಲಿ ಬಂತು. ಅಲ್ಲಿನ ರೈತರು ಹೊಲದಲ್ಲಿ ಸಿಕ್ಕ ದುಂಡು ಕಲ್ಲುಗಳನ್ನು ಕಾಕರ ಭೈರವ ಅಂತ ತಲೆತಲಾಂತರದಿಂದ ಪೂಜೆ ಮಾಡುತ್ತಿದ್ದರು. ಹೊಲ ಕಾಯುವ ದೇವರು ಅಂತ ನಂಬಿಗೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳು ನೋಡಿ, ಇವು ಡೈನೋಸಾರ್ ತತ್ತಿ ಅಂದರು. ಎಷ್ಟೋ ಮಂದಿ ನಕ್ಕರು. ನನಗೆ ನಗು ಬರಲಿಲ್ಲ. ತಿಳಿದವರ ಕಪಾಟಿನಲ್ಲಿ ಲೇವಿಸುಕಸ್ ಎಲುಬು ಕಳೆಯಿತು, ತಿಳಿಯದವರ ಹೊಲದಲ್ಲಿ ಆ ಕಲ್ಲು ಉಳಿಯಿತು. ಪೂಜೆ ಮಾಡಿದವರು ಅದನ್ನು ಒಡೆಯಲಿಲ್ಲ, ಮಾರಲಿಲ್ಲ.

ಆದರೆ ಕಪಾಟಿನವರಿಗೂ ನ್ಯಾಯ ಮಾಡಬೇಕು. ಠಗ್ಗರನ್ನು ಅಡಗಿಸಿದ ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿ 1828ರಲ್ಲಿ ಜಬಲಪುರದಲ್ಲಿ ದೊಡ್ಡ ಬಾಲದ ಎಲುಬು ಕಂಡಿದ್ದ. 1877ರಲ್ಲಿ ಲೈಡೆಕ್ಕರ್ ಎಂಬವರು ಅದಕ್ಕೆ ಟೈಟಾನೋಸಾರಸ್ ಅಂತ ಹೆಸರಿಟ್ಟರು. ಆ ಎಲುಬೂ ಕಳೆದುಹೋಗಿತ್ತು. 2012ರಲ್ಲಿ ಕೋಲ್ಕತ್ತದ ಭೂವಿಜ್ಞಾನ ಇಲಾಖೆಯ ಸಂಗ್ರಹದಲ್ಲಿ ಹುಡುಕಿ ತೆಗೆದರು. ಹಳೇ ಪುಸ್ತಕದ ಚಿತ್ರ ಇದ್ದದ್ದಕ್ಕೆ ಇದು ಅದೇ ಅಂತ ಗುರುತಾಯಿತು. ಹೀಗಾಗಿ ನನ್ನ ಲೆಕ್ಕದಲ್ಲಿ ಜಗಳ ಭಕ್ತಿಗೂ ವಿದ್ಯೆಗೂ ಅಲ್ಲ. ಜಗಳ ಇರುವುದು ಕಾಯುವವರಿಗೂ ಕಾಯದವರಿಗೂ.

ಭಕ್ತಿಯೂ ಖಾಲಿ ಜಾಗವನ್ನು ಖಾಲಿ ಬಿಡಬಲ್ಲದು. ನಮ್ಮ ಅಕ್ಕಲಕೋಟದ ಸ್ವಾಮಿ ಸಮರ್ಥರನ್ನು ನೋಡಿರಿ. ಅವರು ಇಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದು 1878ರಲ್ಲಿ ಸಮಾಧಿಯಾದರು. ಎಲ್ಲಿ ಹುಟ್ಟಿದರು, ತಂದೆತಾಯಿ ಯಾರು ಎಂಬುದಕ್ಕೆ ಕಥೆಗಳಿವೆ, ಖಚಿತವಾದ ದಾಖಲೆ ಇಲ್ಲ. ಆದರೂ ದಿನಾ ಸಾವಿರಾರು ಜನ ಬರುತ್ತಾರೆ. ಜನ್ಮಪತ್ರಿ ತೋರಿಸಿದರೆ ನಮಸ್ಕಾರ ಮಾಡುತ್ತೇವೆ ಅಂತ ಯಾರೂ ಕೇಳುವುದಿಲ್ಲ. ಪೂರ್ತಿ ತಿಳಿಯದೆಯೂ ಗೌರವ ಕೊಡಬಹುದು. ದೇವರಂಥವರಿಗೆ ಕೊಡುವ ಈ ಸವಲತ್ತನ್ನು ನಮ್ಮ ಪಕ್ಕದ ಮನೆಯವರಿಗೂ ಸ್ವಲ್ಪ ಕೊಟ್ಟರೆ ಏನು ಹೋಗುತ್ತದೆ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ನಾವು ಬೆನ್ನು ಕಂಡು ಮುಖ ಹೇಳುತ್ತೇವೆ.

ನಮ್ಮ ಗಡಿಭಾಗದ ಕನ್ನಡಕ್ಕೂ ಈ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮೊಮ್ಮಕ್ಕಳಿಗೆ ಇಂಗ್ಲಿಷ್. ಮೂರೂ ಇರಲಿ. ಆದರೆ ಬೀಸುವ ಪದ, ಹಂತಿ ಪದ, ಬಿತ್ತುವ ದಿನದ ಮಾತು, ಕೂರಿಗಿಯ ಭಾಗಗಳ ಹೆಸರು ಇವೆಲ್ಲ ತುಂಡು ತುಂಡಾಗಿ ಒಬ್ಬೊಬ್ಬ ಮುದುಕರ ಹತ್ತಿರ ಉಳಿದಿವೆ. ನನಗೆ ಪ್ರಾಯ ಅರವತ್ತು ದಾಟಿದೆ, ಈಗ ನಾನೂ ಆ ಮುದುಕರಲ್ಲಿ ಒಬ್ಬ. ಗುರುಗಳು ಸಾಲಿಯ ಮಕ್ಕಳಿಗೆ ಅಜ್ಜಿಯ ಹಾಡು ಬರೆದು ತರಲಿಕ್ಕೆ ಹೇಳುತ್ತಾರೆ. ಅದು ಬಹಳ ಒಳ್ಳೆಯ ಕೆಲಸ. ಮಕ್ಕಳು ಅರ್ಧ ಹಾಡು ತಂದರೆ ಮಾರ್ಕು ಕಡಿಮೆ ಕೊಡಬೇಡಿರಿ ಅಂತ ನನ್ನ ಕೈಮುಗಿದು ವಿನಂತಿ. ಮಾರ್ಕಿನ ಆಸೆಗೆ ಮಗು ಉಳಿದರ್ಧ ಕಟ್ಟಿ ತರುತ್ತದೆ. ಯಾವುದು ಅಜ್ಜಿಯದು, ಯಾವುದು ಮಗುವಿನದು ಅಂತ ಐವತ್ತು ವರ್ಷದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಮಗು ಕಟ್ಟಲಿ, ಕಟ್ಟಿದ್ದಕ್ಕೆ ತನ್ನ ಹೆಸರು ಹಾಕಲಿ.

ನಮ್ಮ ವಾಚನಾಲಯದಲ್ಲಿ ಒಂದು ದೊಡ್ಡ ವಹಿ ಇಡಬೇಕು ಅಂತ ನನ್ನ ಸೂಚನೆ. ಬಲಗಡೆಯ ಪುಟದಲ್ಲಿ ಸಿಕ್ಕದ್ದನ್ನು ಬರೆಯಬೇಕು: ಹಾಡು, ಹಳೇ ಮಾತು, ಊರು ಬಿಟ್ಟು ಹೋದವರ ಹೆಸರು. ಯಾರಿಂದ ಸಿಕ್ಕಿತು, ಯಾವ ದಿನ ಸಿಕ್ಕಿತು ಅಂತಲೂ ಬರೆಯಬೇಕು. ಎಡಗಡೆಯ ಪುಟ ಹಾಗೇ ಖಾಲಿ ಬಿಡಬೇಕು. ಗೊತ್ತಿದ್ದವರು ಬಂದು ತುಂಬಲಿ. ಬಾರದಿದ್ದರೆ ಖಾಲಿಯೇ ಇರಲಿ. ಮೊದಲ ಪುಟಕ್ಕೆ ಆ ಹೆಣ್ಣುಮಗಳ ಆರು ನುಡಿ ನಾನು ಕೊಡುತ್ತೇನೆ. ಉಳಿದ ಆರು ನುಡಿ ಯಾರ ಮನೆಯಲ್ಲಿದ್ದರೂ ತಂದು ಕೊಡಿರಿ.